ಓಡುವ ಎದೆಗೆ ಎಂಟು ಮಿಡಿತಗಳ ಕಡಿವಾಣ

ಎದೆ ಎಂಬುದು ನಮ್ಮ ನುಡಿಯಲ್ಲಿ ಬರಿಯ ಒಂದು ಅಂಗದ ಹೆಸರಲ್ಲ. ಧೈರ್ಯಶಾಲಿಯನ್ನು ಎದೆಗಾರನೆನ್ನುತ್ತೇವೆ, ಅಂಜಿದಾಗ ಎದೆ ನಡುಗಿತೆನ್ನುತ್ತೇವೆ, ದುಃಖ ಮೇರೆ ಮೀರಿದಾಗ ಎದೆಯೊಡೆಯಿತೆನ್ನುತ್ತೇವೆ. ಇಷ್ಟಲಿಂಗವನ್ನು ಧರಿಸುವ ಸ್ಥಾನವೂ ಎದೆಯೇ ಆಗಿದೆ. ಆದರೆ ಆ ಎದೆಗೂಡಿನೊಳಗೆ ಹಗಲಿರುಳೆನ್ನದೆ ದುಡಿಯುವ ಹೃದಯದ ನಡೆಯನ್ನು ಕುರಿತು ನಾವು ಅರಿತಿರುವುದು ಅತ್ಯಲ್ಪ. ಆ ನಡೆ ತಪ್ಪಿದಾಗಲೇ ನಮಗೆ ಅದರ ನೆನಪಾಗುವುದು. ನಮ್ಮ ಬಂಧುಗಳ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ ನಾವು ಈ ಪಾಠವನ್ನು ಕಲಿಯಬೇಕಾಯಿತು. ನಮ್ಮಂತೆ ಇತರರೂ ತಡವಾಗಿ ಕಲಿಯುವಂತಾಗಬಾರದೆಂಬ ಉದ್ದೇಶದಿಂದ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಹಿರೀಸಾವೆಯ ಸೀಮೆಯಲ್ಲಿ

ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ದಾಟಿದ ಮೇಲೆ, ಚನ್ನರಾಯಪಟ್ಟಣ ಸೇರುವ ಮುನ್ನ, ಹಿರೀಸಾವೆ ಸಿಗುತ್ತದೆ. ತೆಂಗಿನ ತೋಟಗಳ ಮತ್ತು ರಾಗಿ ಹೊಲಗಳ ಸೀಮೆಯಿದು. ನಮ್ಮ ಅಕ್ಕನವರನ್ನು ಕೊಟ್ಟಿರುವುದು ಇಲ್ಲಿಯ ಒಂದು ಹಳ್ಳಿಗೆ. ಭಾವನವರದು ತೋಟದ ಬದುಕು. 2018ರಲ್ಲಿ ಅವರಿಗೆ ಒಮ್ಮೆ ಹೃದಯಾಘಾತವಾಗಿ, ಚಿಕಿತ್ಸೆಯಿಂದ ಗುಣವಾಗಿದ್ದರು. ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರು, ಬೀಡಿಯನ್ನು ಬಿಟ್ಟಿದ್ದರು. ಗಂಡಾಂತರ ಕಳೆಯಿತೆಂದು ಮನೆಮಂದಿಯೆಲ್ಲ ನೆಮ್ಮದಿಯಿಂದಿದ್ದರು.

ನಾಲ್ಕು ವರ್ಷಗಳ ತರುವಾಯ ಒಂದು ಬೆಳಿಗ್ಗೆ, ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸುತ್ತಿದ್ದಾಗ, ಭಾವನವರು ಇದ್ದಕ್ಕಿದ್ದಂತೆ ಕಂಬಕ್ಕೊರಗಿ ಕುಳಿತರು. "ಎದೆ ಓಡ್ತಾ ಇದೆ, ಕಣ್ಣು ಕತ್ತಲಾಗ್ತಾ ಇದೆ" ಎಂದರು. ಆ ದಿನ ನಾವು ಅಲ್ಲಿಯೇ ಇದ್ದೆವು. "ಗ್ಯಾಸ್ ಇರಬೇಕು ಭಾವ, ಬೆಳಿಗ್ಗೆಯಿಂದ ಬರೀ ಹೊಟ್ಟೆಯಲ್ಲಿದ್ದೀರಿ" ಎಂದವರು ನಾವೇ. ಅಕ್ಕನವರು ಜೀರಿಗೆ ಕಷಾಯ ಮಾಡಿ ಕೊಟ್ಟರು. ಹತ್ತು ನಿಮಿಷಗಳಲ್ಲಿ ಎಲ್ಲವೂ ಸರಿಹೋಯಿತು. ಮರುದಿನ ತೆಗೆಸಿದ ಇ.ಸಿ.ಜಿ.ಯಲ್ಲಿ ಹಳೆಯ ಹೃದಯಾಘಾತದ ಗುರುತಿನ ಹೊರತು ಹೊಸದೇನೂ ಕಾಣಲಿಲ್ಲ. ನಮ್ಮ ಮಾತೇ ನಿಜವಾಯಿತೆಂದು ನಾವು ಹಿಗ್ಗಿದೆವು.

ಇಪ್ಪತ್ತು ದಿನಗಳ ನಂತರ ಭಾವನವರು ಪೂಜೆ ಮುಗಿಸಿ ಏಳುವಾಗ ಪ್ರಜ್ಞೆ ತಪ್ಪಿ ಬಿದ್ದರು. ಈ ಸಲ ಕಷಾಯಕ್ಕೆ ಕಾಯಲಿಲ್ಲ. ನೆರೆಮನೆಯವರ ಕಾರಿನಲ್ಲಿ ತಾಲ್ಲೂಕು ಕೇಂದ್ರದ ಆಸ್ಪತ್ರೆಗೆ ಕರೆದೊಯ್ಯಲಾಯಿತು. ಎದೆ ಓಡುತ್ತಿರುವಾಗಲೇ ಇ.ಸಿ.ಜಿ. ತೆಗೆದದ್ದರಿಂದ ರೋಗದ ನಿಜರೂಪ ಹೊರಬಿತ್ತು. ನಿಮಿಷಕ್ಕೆ 180 ಬಡಿತ. ಅದೂ ಹೃದಯದ ಕೆಳಗಿನ ಕೋಣೆಯಿಂದಲೇ ಹುಟ್ಟಿದ ಓಟ. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ ಎನ್ನುತ್ತಾರೆ. ವಿದ್ಯುತ್ ಆಘಾತ ಕೊಟ್ಟು ಅದನ್ನು ನಿಲ್ಲಿಸಿದರು. ಅನಂತರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಡ ಭುಜದ ಕೆಳಗೆ, ಚರ್ಮದಡಿಯಲ್ಲಿ, ಐ.ಸಿ.ಡಿ. ಎಂಬ ಪುಟ್ಟ ಉಪಕರಣವನ್ನು ಇಡುವುದೆಂದು ನಿಶ್ಚಯವಾಯಿತು.

ಉಪಕರಣವು ಮಾಡುವ ಕೆಲಸವನ್ನು ಅಲ್ಲಿಯ ವೈದ್ಯರು ತಾಳ್ಮೆಯಿಂದ ವಿವರಿಸಿದರು. ಎದೆ ಮತ್ತೆ ಹಾಗೆ ಓಡತೊಡಗಿದರೆ, ಆಘಾತ ಕೊಡುವ ಮೊದಲು, ಅದಕ್ಕಿಂತ ತುಸು ವೇಗವಾಗಿ ಕೆಲವು ಮಿಡಿತಗಳನ್ನು ಉಪಕರಣವೇ ಕೊಟ್ಟು ಓಟವನ್ನು ನಿಲ್ಲಿಸಲು ಯತ್ನಿಸುತ್ತದೆ ಎಂದರು. ಅದುವರೆಗೆ ಸುಮ್ಮನಿದ್ದ ನಮ್ಮ ಅಕ್ಕನವರು ತಲೆಯೆತ್ತಿ ಕೇಳಿದರು: "ಓಡೋ ಎತ್ತಿಗೆ ಇನ್ನೂ ಚಾಟಿ ಬೀಸಿದ್ರೆ ನಿಲ್ತದಾ ಡಾಕ್ಟ್ರೇ?"

ವೈದ್ಯರು ನಕ್ಕರು, ಆದರೆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. "ನಿಲ್ತದೆ ತಾಯಿ, ಸರಿಯಾದ ಹೊತ್ತಿಗೆ ಬೀಸಿದರೆ" ಎಂದರು. ಆ ಸರಿಯಾದ ಹೊತ್ತು ಯಾವುದು, ಹೃದಯದ ಮಾಂಸವು ಹೊರಗಿನ ಮಿಡಿತಕ್ಕೆ ಹೇಗೆ ಉತ್ತರಿಸುತ್ತದೆ ಎಂಬುದೇ ಈ ಲೇಖನದ ವಿಷಯ.

ಬಡಿತ ಹುಟ್ಟುವ ಬಗೆ

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಸೈನಸ್ ಗಂಟು ಎಂಬ ಸಣ್ಣ ಜೀವಕೋಶಗಳ ಗುಂಪಿದೆ. ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1907ರಲ್ಲಿ ಅದನ್ನು ಗುರುತಿಸಿದರು. ಬಡಿತದ ಅಪ್ಪಣೆ ಹೊರಡುವುದು ಅಲ್ಲಿಂದಲೇ. ಆ ಅಪ್ಪಣೆಯು ವಿದ್ಯುತ್ತಿನ ಅಲೆಯಾಗಿ ಮೇಲಿನ ಕೋಣೆಗಳಲ್ಲಿ ಹರಡಿ, ನಡುವಿನ ಇನ್ನೊಂದು ಗಂಟಿನಲ್ಲಿ ಕ್ಷಣಕಾಲ ತಡೆದು, ಅನಂತರ ಎಳೆಗಳಂತಹ ದಾರಿಗಳ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಅಲೆ ಮುಟ್ಟಿದೆಡೆಯಲ್ಲೆಲ್ಲ ಮಾಂಸವು ಕುಗ್ಗುತ್ತದೆ. ರಕ್ತವು ಮುಂದಕ್ಕೆ ಸಾಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ನಿಮಿಷಕ್ಕೆ 60ರಿಂದ 100 ಬಾರಿ, ಒಂದು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ನಡೆಯುತ್ತದೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಗುಣವೊಂದಿದೆ. ಹೃದಯದ ಪ್ರತಿಯೊಂದು ಕೋಶವೂ ಒಮ್ಮೆ ಮಿಡಿದ ಕೂಡಲೇ ಮತ್ತೆ ಮಿಡಿಯಲಾರದು. ಹೃತ್ಕುಕ್ಷಿಯ ಕೋಶವು ಸುಮಾರು ಕಾಲು ಸೆಕೆಂಡಿನಷ್ಟು ಕಾಲ, ಯಾರು ಎಷ್ಟೇ ಕರೆದರೂ, ಓಗೊಡುವುದಿಲ್ಲ. ಇದನ್ನು ನಾವು ನಿರುತ್ತರ ಕಾಲವೆಂದು ಕರೆಯಬಹುದು. ಎದೆ ವೇಗವಾಗಿ ಬಡಿದಷ್ಟೂ ಈ ಕಾಲವು ತುಸು ಕುಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ. ಪ್ರತಿ ದುಡಿಮೆಯ ಬೆನ್ನಿಗೂ ಒಂದು ವಿರಾಮ ಕಡ್ಡಾಯವೆಂಬುದು ಹೃದಯದ ನಿಯಮ. ಮುಂದೆ ಹೇಳುವ ರೋಗವೂ ಚಿಕಿತ್ಸೆಯೂ ಈ ಒಂದು ನಿಯಮವನ್ನೇ ಅವಲಂಬಿಸಿವೆ.

ಸೋತ ಎದೆಗೆ ಪೇಸ್‌ಮೇಕರ್

ಹೊರಗಿನ ಮಿಡಿತಕ್ಕೆ ಹೃದಯವು ಓಗೊಡುತ್ತದೆ ಎಂಬುದು ಹೊಸ ಸಂಗತಿಯಲ್ಲ. ಹೆನ್ರಿ ಬೌಡಿಚ್ ಎಂಬ ಶರೀರಶಾಸ್ತ್ರಜ್ಞರು 1871ರಲ್ಲಿಯೇ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಪ್ರಚೋದನೆ ತೀರ ದುರ್ಬಲವಾಗಿದ್ದರೆ ಹೃದಯವು ಅಲುಗುವುದಿಲ್ಲ. ಒಂದು ಮಟ್ಟವನ್ನು ಮುಟ್ಟಿತೆಂದರೆ ಪೂರ್ಣವಾಗಿ ಮಿಡಿಯುತ್ತದೆ. ಅದಕ್ಕಿಂತ ಬಲವಾದ ಪ್ರಚೋದನೆ ಕೊಟ್ಟರೂ ಬಡಿತವು ಇನ್ನಷ್ಟು ದೊಡ್ಡದಾಗದು. ಅರ್ಧ ಬಡಿತವೆಂಬುದು ಹೃದಯಕ್ಕೆ ತಿಳಿಯದು.

ಸೈನಸ್ ಗಂಟು ಸೊರಗಿದಾಗ ಅಥವಾ ಕೆಳಗಿಳಿಯುವ ದಾರಿ ಕಟ್ಟಿಹೋದಾಗ ಬಡಿತವು ನಿಮಿಷಕ್ಕೆ 30, 40ಕ್ಕೆ ಇಳಿದು ರೋಗಿಯು ಕುಸಿಯುತ್ತಾನೆ. ಆಗ ಪೇಸ್‌ಮೇಕರ್ ನೆರವಿಗೆ ಬರುತ್ತದೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1958ರ ಅಕ್ಟೋಬರ್ 8ರಂದು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಇಟ್ಟರು. ಜಗತ್ತಿನಲ್ಲಿ ಅದೇ ಮೊದಲು. ಆ ಮೊದಲ ಯಂತ್ರವು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೆ ಒಂದಾದ ಮೇಲೊಂದರಂತೆ 26 ಯಂತ್ರಗಳ ನೆರವಿನಿಂದ ಲಾರ್ಸನ್ 86 ವರ್ಷ ಬಾಳಿ 2001ರಲ್ಲಿ ತೀರಿಕೊಂಡರು. ಯಂತ್ರವನ್ನು ಇಟ್ಟ ವೈದ್ಯರಿಗಿಂತಲೂ, ಮಾಡಿದ ಇಂಜಿನಿಯರಿಗಿಂತಲೂ ಹೆಚ್ಚು ಕಾಲ ಬದುಕಿದ್ದರು.

ಇಂದಿನ ಪೇಸ್‌ಮೇಕರ್ ಕೊಡುವ ಮಿಡಿತವು ಟಾರ್ಚಿನ ಒಂದೆರಡು ಸೆಲ್ಲುಗಳಷ್ಟೇ ವೋಲ್ಟಿನದು. ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಕಾಲ ಮಾತ್ರ ಇರುವಂಥದು. ರೋಗಿಗೆ ಅದರ ಅರಿವೇ ಆಗುವುದಿಲ್ಲ. ಹೃದಯವು ತಾನಾಗಿಯೇ ಬಡಿದರೆ ಯಂತ್ರವು ಸುಮ್ಮನಿರುತ್ತದೆ. ಬಡಿಯದಿದ್ದರೆ ತಾನು ಮಿಡಿಸುತ್ತದೆ. ಇಲ್ಲಿಯವರೆಗಿನದು ಎಲ್ಲರಿಗೂ ಒಪ್ಪಿಗೆಯಾಗುವ ಮಾತು. ನಿಂತ ಗಾಡಿಯನ್ನು ತಳ್ಳುವುದರಲ್ಲಿ ಸೋಜಿಗವೇನಿಲ್ಲ. ಓಡುವ ಗಾಡಿಯನ್ನು ತಳ್ಳಿ ನಿಲ್ಲಿಸುವುದು ಹೇಗೆಂಬುದೇ ನಮ್ಮ ಅಕ್ಕನವರ ಪ್ರಶ್ನೆ.

ಸುತ್ತುವ ಬೆಂಕಿ

ಇದನ್ನು ಅರಿಯಲು ನಮ್ಮದೇ ಜಿಲ್ಲೆಯ ಪಡುವಣ ಅಂಚಿಗೆ, ಸಕಲೇಶಪುರದ ಬೆಟ್ಟಗಳಿಗೆ ಹೋಗೋಣ. ಬೇಸಿಗೆಯಲ್ಲಿ ಅಲ್ಲಿಯ ಒಣಹುಲ್ಲಿಗೆ ಬೆಂಕಿ ಬೀಳುವುದುಂಟು. ಬೆಂಕಿಯು ಹುಲ್ಲಿರುವ ಕಡೆಗೆ ಮುನ್ನುಗ್ಗುತ್ತದೆ; ಸುಟ್ಟ ನೆಲಕ್ಕೆ ಹಿಂದಿರುಗದು. ಮತ್ತೆ ಹುಲ್ಲು ಬೆಳೆದು ಒಣಗಿದ ಮೇಲೆಯೇ ಅಲ್ಲಿ ಬೆಂಕಿ ಹೊತ್ತಲು ಸಾಧ್ಯ. ಹೃದಯದ ಅಲೆಯೂ ಹೀಗೆಯೇ. ಮಿಡಿದ ಮಾಂಸವು ಸುಟ್ಟ ಹುಲ್ಲಿನಂತೆ; ನಿರುತ್ತರ ಕಾಲ ಕಳೆದ ಮೇಲೆ ಮತ್ತೆ ಹುಲ್ಲು ಬೆಳೆದಂತೆ.

ಈಗ ಒಂದು ದೊಡ್ಡ ಬಂಡೆಯನ್ನೂ, ಅದರ ಸುತ್ತ ಉಂಗುರದಂತೆ ಬೆಳೆದ ಹುಲ್ಲನ್ನೂ ಊಹಿಸಿಕೊಳ್ಳಿ. ಬೆಂಕಿಯು ಒಂದೇ ದಿಕ್ಕಿನಲ್ಲಿ ಹೊರಟು ಬಂಡೆಯನ್ನು ಬಳಸಿ ಬರುವಷ್ಟರಲ್ಲಿ, ಮೊದಲು ಸುಟ್ಟ ಕಡೆ ಹುಲ್ಲು ಮತ್ತೆ ಬೆಳೆದಿದ್ದರೆ ಏನಾದೀತು? ಬೆಂಕಿಯು ಎರಡನೆಯ ಸುತ್ತು ಹೊರಡುತ್ತದೆ. ಮೂರನೆಯದು, ನಾಲ್ಕನೆಯದು, ಹೀಗೆ ಕೊನೆಯಿಲ್ಲದೆ ಸುತ್ತುತ್ತದೆ. ಹೃದಯಾಘಾತದಲ್ಲಿ ಸತ್ತ ಮಾಂಸವು ಕಲೆಗಟ್ಟಿ ಈ ಬಂಡೆಯಂತಾಗುತ್ತದೆ. ಅದರ ನಡುವೆಯೂ ಅಂಚಿನಲ್ಲಿಯೂ ಅಳಿದುಳಿದ ಎಳೆಗಳಲ್ಲಿ ಅಲೆಯು ನಿಧಾನವಾಗಿ ತೆವಳುತ್ತದೆ. ಅಕಾಲದಲ್ಲಿ ಹುಟ್ಟಿದ ಒಂದು ಬಡಿತವು ಒಂದು ದಾರಿಯಲ್ಲಿ ತಡೆಯಲ್ಪಟ್ಟು, ಇನ್ನೊಂದು ದಾರಿಯಲ್ಲಿ ತೆವಳಿ ಬಂದರೆ, ಅಷ್ಟರಲ್ಲಿ ಮೊದಲ ದಾರಿಯು ಚೇತರಿಸಿಕೊಂಡಿರುತ್ತದೆ. ಸುತ್ತು ಪ್ರಾರಂಭವಾಗುತ್ತದೆ. ಪ್ರತಿ ಸುತ್ತಿಗೂ ಒಂದು ಬಡಿತ. ಸೈನಸ್ ಗಂಟಿನ ಅಪ್ಪಣೆ ಆಗ ಕೇಳುವವರಿಲ್ಲ.

ಇದು ಕವಿಯ ಕಲ್ಪನೆಯಲ್ಲ. ಆಲ್ಫ್ರೆಡ್ ಮೇಯರ್ ಎಂಬವರು 1906ರಲ್ಲಿ ಅಂಬಲಿ ಮೀನಿನ ಮೈಯನ್ನು ಉಂಗುರದಂತೆ ಕತ್ತರಿಸಿ, ಮಿಡಿತದ ಅಲೆಯೊಂದು ಅದರಲ್ಲಿ ಬಿಡುವಿಲ್ಲದೆ ಸುತ್ತುವುದನ್ನು ಕಂಡರು. ಜಾರ್ಜ್ ರಾಲ್ಫ್ ಮೈನ್ಸ್ ಎಂಬ ತರುಣ ವಿಜ್ಞಾನಿ 1913-14ರಲ್ಲಿ ಪ್ರಾಣಿಗಳ ಹೃದಯದ ಮಾಂಸದ ಉಂಗುರಗಳಲ್ಲಿಯೂ ಇದನ್ನೇ ಕಂಡು, ಓಟವು ಇಂತಹ ಸುತ್ತಿನಿಂದಲೇ ಆಗುತ್ತಿದೆಯೆಂದು ಅರಿಯಲು ಒಂದು ಪರೀಕ್ಷೆಯನ್ನು ಹೇಳಿದರು: ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಸುತ್ತು ನಿಲ್ಲಬೇಕು. ತಪ್ಪು ಗಳಿಗೆಯಲ್ಲಿ ಬಿದ್ದ ಒಂದೇ ಪ್ರಚೋದನೆಯು ಹೃದಯವನ್ನು ಅಸ್ತವ್ಯಸ್ತ ಕಂಪನಕ್ಕೆ ತಳ್ಳಬಲ್ಲದೆಂದು ತೋರಿಸಿದವರೂ ಅವರೇ. 1914ರ ನವೆಂಬರಿನಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಅವರು ಅಕಾಲ ಮರಣಕ್ಕೀಡಾದರು.

ಹೊರಗಿನ ಮಿಡಿತಕ್ಕೆ ಹೃದಯದ ಉತ್ತರ

ಮಲೆನಾಡಿನವರು ಕಾಡ್ಗಿಚ್ಚನ್ನು ತಡೆಯಲು ಎದುರು ಬೆಂಕಿ ಕೊಡುವುದನ್ನು ಬಲ್ಲರು. ಬರುವ ಬೆಂಕಿಗೆ ಎದುರಾಗಿ ತಾವೇ ಬೆಂಕಿ ಹಚ್ಚುತ್ತಾರೆ. ಎರಡೂ ಸಂಧಿಸಿದೆಡೆ ಸುಡಲು ಹುಲ್ಲೇ ಉಳಿಯದೆ ಎರಡೂ ನಂದುತ್ತವೆ. ಓಡುವ ಎದೆಗೆ ಹೊರಗಿನಿಂದ ಕೊಡುವ ಮಿಡಿತವು ಇಂತಹ ಎದುರು ಬೆಂಕಿಯೇ ಆಗಿದೆ. ಆದರೆ ಹೃದಯದ ಉತ್ತರವು ಮಿಡಿತ ಬಿದ್ದ ಹೊತ್ತನ್ನು ಅನುಸರಿಸಿ ಬೇರೆ ಬೇರೆಯಾಗಿರುತ್ತದೆ.

ಮೊದಲನೆಯದು ಮೌನ. ಮಿಡಿತವು ಆಗತಾನೆ ಸುಟ್ಟ ನೆಲದ ಮೇಲೆ, ಅಂದರೆ ನಿರುತ್ತರ ಕಾಲದಲ್ಲಿ ಬಿದ್ದರೆ ಏನೂ ಆಗುವುದಿಲ್ಲ. ಓಟವು ತನ್ನ ಪಾಡಿಗೆ ತಾನು ಸಾಗುತ್ತದೆ.

ಎರಡನೆಯದು ಅನುಸರಣೆ. ಸುತ್ತುವ ಬೆಂಕಿಯ ತಲೆಗೂ ಅದರ ಬಾಲಕ್ಕೂ ನಡುವೆ ಹಸಿರಾಗಿ ಚೇತರಿಸಿಕೊಂಡ ಒಂದು ಪಟ್ಟಿಯಿರುತ್ತದೆ. ಮಿಡಿತವು ಆ ಪಟ್ಟಿಯೊಳಗೆ ಬಿದ್ದರೆ ಎರಡು ದಿಕ್ಕಿಗೂ ಹರಡುತ್ತದೆ. ಒಂದು ಕವಲು ಎದುರು ಬರುವ ಹಳೆಯ ಅಲೆಗೆ ಡಿಕ್ಕಿ ಹೊಡೆದು ಎರಡೂ ಸಾಯುತ್ತವೆ. ಇನ್ನೊಂದು ಕವಲು ಹಳೆಯ ಅಲೆಯ ದಿಕ್ಕಿನಲ್ಲಿಯೇ ಮುಂದೆ ಓಡಿ ತಾನೇ ಹೊಸ ತಲೆಯಾಗುತ್ತದೆ. ಆದುದರಿಂದ ಮುಂದಿನ ಬಡಿತವು ತನ್ನ ಹೊತ್ತಿಗಿಂತ ಮೊದಲೇ ಬರುತ್ತದೆ. ಹೀಗೆ ಮೇಲಿಂದ ಮೇಲೆ ಮಿಡಿಸುತ್ತಿದ್ದರೆ ಓಟವು ಉಪಕರಣದ ವೇಗಕ್ಕೆ ಹೊಂದಿಕೊಂಡು ಓಡುತ್ತದೆ; ಮಿಡಿಸುವುದನ್ನು ನಿಲ್ಲಿಸಿದ ಕೂಡಲೇ ಮತ್ತೆ ತನ್ನ ಹಳೆಯ ವೇಗಕ್ಕೆ ಮರಳುತ್ತದೆ. ಅಮೆರಿಕದ ಆಲ್ಬರ್ಟ್ ವಾಲ್ಡೋ ಮತ್ತು ಅವರ ಸಂಗಡಿಗರು 1977ರಲ್ಲಿ ಇದನ್ನು ಸ್ಪಷ್ಟವಾಗಿ ದಾಖಲಿಸಿದರು. ಹೃದಯದ ಶಸ್ತ್ರಕ್ರಿಯೆಯಾದ ರೋಗಿಗಳ ಹೃತ್ಕರ್ಣದ ಮೇಲೆ ತಾತ್ಕಾಲಿಕವಾಗಿ ಉಳಿಸಿದ ತಂತಿಗಳ ಮೂಲಕ ಅವರು ಮಿಡಿತ ಕೊಟ್ಟಿದ್ದರು. ಅವರು ನೋಡಿದ ಓಟ ಹೃತ್ಕರ್ಣದ್ದು. ನಿಮಿಷಕ್ಕೆ ಸುಮಾರು 300 ಬಾರಿ ಸುತ್ತುವಂಥದು.

ಮೂರನೆಯದು ನಿಲುಗಡೆ. ಮಿಡಿತವು ಇನ್ನೂ ತುಸು ಮುಂಚೆ ಬಿದ್ದಿತೆನ್ನೋಣ. ಹಿಂದಕ್ಕೆ ಹೋದ ಕವಲು ಹಳೆಯ ಅಲೆಯನ್ನು ಕೊಂದಿತು. ಮುಂದಕ್ಕೆ ಹೋದ ಕವಲು ಉಂಗುರದ ನಿಧಾನದ ಎಳೆಯನ್ನು ಮುಟ್ಟಿದಾಗ ಅದಿನ್ನೂ ಚೇತರಿಸಿಕೊಂಡಿಲ್ಲ. ಹುಲ್ಲಿಲ್ಲದ ನೆಲಕ್ಕೆ ಬಂದ ಬೆಂಕಿಯಂತೆ ಅದೂ ನಂದುತ್ತದೆ. ಎರಡೂ ಕವಲು ನಂದಿದ ಮೇಲೆ ಸುತ್ತುವುದಕ್ಕೆ ಏನೂ ಉಳಿಯಲಿಲ್ಲ. ಒಂದು ಕ್ಷಣದ ಮೌನ. ಅನಂತರ ಸೈನಸ್ ಗಂಟಿನ ಅಪ್ಪಣೆ ಮತ್ತೆ ಕೇಳಿಸುತ್ತದೆ. ಎತ್ತಿಗೆ ಬೀಸಿದ ಚಾಟಿ ಅದನ್ನು ನಿಲ್ಲಿಸಿದ್ದು ಹೀಗೆ.

ನಾಲ್ಕನೆಯ ಉತ್ತರವೂ ಒಂದುಂಟು, ಅದು ಅಪಾಯದ್ದು. ಕೆಲವೊಮ್ಮೆ ಮಿಡಿತವು ಓಟವನ್ನು ನಿಲ್ಲಿಸುವ ಬದಲು ಇನ್ನಷ್ಟು ವೇಗಗೊಳಿಸಬಹುದು, ಅಥವಾ ಒಂದು ಸುತ್ತು ಹೋಗಿ ನೂರು ಚೂರು ಅಲೆಗಳಾಗಿ ಹೃದಯವು ಬರಿದೆ ಕಂಪಿಸಬಹುದು. ಈ ಕಾರಣದಿಂದಲೇ ಇಂತಹ ಚಿಕಿತ್ಸೆಯನ್ನು, ಆಘಾತ ಕೊಡುವ ಸಾಮರ್ಥ್ಯವೂ ಜೊತೆಗಿರುವ ಐ.ಸಿ.ಡಿ.ಗೆ ವಹಿಸುತ್ತಾರೆ.

ಎಂಟೇ ಏಕೆ?

ಐ.ಸಿ.ಡಿ.ಯನ್ನು ಕಲ್ಪಿಸಿದವರು ಮಿಶೆಲ್ ಮಿರೋವ್ಸ್ಕಿ. ತಮ್ಮ ಗುರುಗಳಾದ ವೈದ್ಯರೊಬ್ಬರು 1966ರಲ್ಲಿ ಇಂತಹುದೇ ಹೃದಯದ ಓಟದಿಂದ ತೀರಿಕೊಂಡದ್ದು ಅವರ ಮನಸ್ಸನ್ನು ಕಲಕಿತ್ತು. 1980ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಉಪಕರಣವನ್ನು ರೋಗಿಯೊಬ್ಬರಲ್ಲಿ ಇಡಲಾಯಿತು. ಆ ಮೊದಲ ತಲೆಮಾರಿನ ಯಂತ್ರಕ್ಕೆ ಆಘಾತ ಕೊಡುವುದಷ್ಟೇ ಗೊತ್ತಿತ್ತು. ಎಚ್ಚರದಲ್ಲಿರುವಾಗ ಆ ಆಘಾತವನ್ನು ಉಂಡವರು ಎದೆಗೆ ಕುದುರೆ ಒದ್ದಂತಾಯಿತೆನ್ನುವುದುಂಟು. ಮಿಡಿತಗಳಿಂದಲೇ ಓಟವನ್ನು ನಿಲ್ಲಿಸುವ ಕೌಶಲವು ಉಪಕರಣಕ್ಕೆ ಬಂದದ್ದು ಅನಂತರ.

ಸಾಮಾನ್ಯವಾಗಿ ಬಳಸುವ ಒಂದು ಕ್ರಮವನ್ನು ಲೆಕ್ಕ ಹಾಕಿ ನೋಡೋಣ. ಭಾವನವರ ಎದೆ ನಿಮಿಷಕ್ಕೆ 180 ಬಾರಿ ಓಡಿದಾಗ ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವಿನ ಅಂತರ ಸೆಕೆಂಡಿನ ಸಾವಿರದಲ್ಲಿ 333 ಭಾಗ. ಉಪಕರಣವು ಅದರ ಶೇಕಡ 88ರಷ್ಟು, ಅಂದರೆ 293 ಭಾಗದ ಅಂತರದಲ್ಲಿ ಎಂಟು ಮಿಡಿತಗಳನ್ನು ಕೊಡುತ್ತದೆ. ನಿಮಿಷಕ್ಕೆ ಸುಮಾರು 205ರ ವೇಗವಾಯಿತು. ಎಂಟೂ ಮುಗಿಯಲು ಎರಡೂವರೆ ಸೆಕೆಂಡು ಸಾಕು.

ಒಂದೇ ಮಿಡಿತ ಸಾಲದೇ ಎಂದು ಕೇಳಬಹುದು. ಉಪಕರಣದ ತಂತಿಯ ತುದಿ ಇರುವುದು ಬಲ ಹೃತ್ಕುಕ್ಷಿಯಲ್ಲಿ. ಸುತ್ತು ಇರುವುದು ಬಹುಮಟ್ಟಿಗೆ ಎಡ ಹೃತ್ಕುಕ್ಷಿಯ ಕಲೆಯ ಬಳಿ. ನಡುವಿನ ಮಾಂಸವನ್ನೆಲ್ಲ ಓಟದ ಅಲೆಯೇ ಆಕ್ರಮಿಸಿಕೊಂಡಿರುತ್ತದೆ. ಮೊದಲ ಮಿಡಿತಗಳು ಸುತ್ತನ್ನು ತಲಪದೆ ದಾರಿಯಲ್ಲಿಯೇ ನಂದಬಹುದು. ಆದರೆ ಅವು ವ್ಯರ್ಥವಲ್ಲ. ಒಂದೊಂದೂ ನಡುವಿನ ಮಾಂಸವನ್ನು ಮುಂಚಿತವಾಗಿ ಮಿಡಿಸಿ, ಅದರ ನಿರುತ್ತರ ಕಾಲವನ್ನು ಕುಗ್ಗಿಸಿ, ಎದುರು ಬರುವ ಅಲೆಯನ್ನು ಇಷ್ಟಿಷ್ಟೇ ಹಿಂದಕ್ಕೆ ಒತ್ತುತ್ತವೆ. ಹಿಂದೆ ಬರುವ ಮಿಡಿತಗಳು ಆ ತೆರವಾದ ದಾರಿಯಲ್ಲಿ ಸಾಗಿ ಉಂಗುರದೊಳಗೆ ನುಗ್ಗುತ್ತವೆ.

ಈ ಕ್ರಮವನ್ನು 634 ರೋಗಿಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ನಿಮಿಷಕ್ಕೆ 188ರಿಂದ 250ರವರೆಗಿನ ಅತಿವೇಗದ ಓಟಗಳನ್ನೂ ನಾಲ್ಕರಲ್ಲಿ ಸುಮಾರು ಮೂರು ಪಾಲು ಮಿಡಿತಗಳೇ ನಿಲ್ಲಿಸಿದವು. ಅಷ್ಟು ಆಘಾತಗಳು ತಪ್ಪಿದವು. ನಿಲ್ಲದಿದ್ದಾಗ ಉಪಕರಣವು ತಡಮಾಡದೆ ಆಘಾತ ಕೊಡುತ್ತದೆ.

ಮಿಡಿತಕ್ಕೆ ಹೃದಯ ಕೊಡುವ ಉತ್ತರದಿಂದ ಸುತ್ತಿನ ನೆಲೆಯನ್ನೂ ಕಂಡುಹಿಡಿಯಬಹುದು. ವೈದ್ಯರು ತೆಳುವಾದ ತಂತಿಯನ್ನು ಹೃದಯದೊಳಕ್ಕೆ ಕಳುಹಿಸಿ, ಓಟವು ಅನುಸರಿಸುವಂತೆ ಮಿಡಿಸಿ, ಥಟ್ಟನೆ ನಿಲ್ಲಿಸುತ್ತಾರೆ. ಕೊನೆಯ ಮಿಡಿತವು ಸುತ್ತು ಹಾಕಿ ಅದೇ ಜಾಗಕ್ಕೆ ಮರಳಲು ತೆಗೆದುಕೊಂಡ ಸಮಯವನ್ನು ಅಳೆಯುತ್ತಾರೆ. ತೇರು ಬೀದಿಯಲ್ಲಿಯೇ ಮನೆಯಿರುವವನು ಒಂದು ಸುತ್ತು ನಡೆದರೆ ಮನೆ ಸೇರುತ್ತಾನೆ. ಅಡ್ಡಬೀದಿಯಲ್ಲಿರುವವನಿಗೆ ಹೋಗಿ ಬರುವ ದಾರಿಯೂ ಸೇರುತ್ತದೆ. ಮರಳಿದ ಸಮಯವು ಓಟದ ಒಂದು ಸುತ್ತಿನ ಸಮಯಕ್ಕೆ ಸಮನಾಗಿದ್ದರೆ ತಂತಿಯ ತುದಿ ತೇರು ಬೀದಿಯಲ್ಲಿಯೇ ಇದೆ ಎಂದರ್ಥ. ಅಲ್ಲಿಯ ಕಿರಿದಾದ ಎಳೆಯನ್ನು ಶಾಖದಿಂದ ಸುಟ್ಟರೆ, ಮೈನ್ಸ್ ಹೇಳಿದಂತೆ ಉಂಗುರ ಕತ್ತರಿಸಿದಂತಾಗುತ್ತದೆ.

ಎಲ್ಲ ಓಟಕ್ಕೂ ಒಂದೇ ಮದ್ದಲ್ಲ

ಈ ಎಂಟು ಮಿಡಿತಗಳು ಸರ್ವರೋಗ ಪರಿಹಾರಕವಲ್ಲವೆಂಬುದನ್ನೂ ಹೇಳಲೇಬೇಕು. ಕೆಲವು ಓಟಗಳು ಸುತ್ತಿನಿಂದ ಹುಟ್ಟದೆ ಒಂದೇ ಬಿಂದುವಿನಿಂದ ಬುಗ್ಗೆಯಂತೆ ಚಿಮ್ಮುತ್ತವೆ. ಹೊರಗಿನ ಮಿಡಿತವು ಅವನ್ನು ಸ್ವಲ್ಪ ಹೊತ್ತು ಅಡಗಿಸಬಹುದು; ನಿಲ್ಲಿಸಿದ ಮೇಲೆ ಅವು ಮತ್ತೆ ಏಳುತ್ತವೆ. ಹೃತ್ಕರ್ಣದ ಕಂಪನದಲ್ಲಿ ಹಲವು ಅಲೆಗಳು ಏಕಕಾಲಕ್ಕೆ ಅಲೆಯುತ್ತಿರುವುದರಿಂದ ಒಂದು ತುದಿಯ ಮಿಡಿತವು ಅಂಗೈಯಗಲದ ಜಾಗವನ್ನೂ ಗೆಲ್ಲಲಾರದು. ಹೃತ್ಕುಕ್ಷಿಯೇ ಕಂಪಿಸತೊಡಗಿದರೆ ಆಘಾತದ ಹೊರತು ಬೇರೆ ದಾರಿಯಿಲ್ಲ. ಅಲ್ಲಿ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ.

ಹಾಸನದ ಭಯ, ನಮ್ಮ ಕರ್ತವ್ಯ

2025ರ ಮೇ ತಿಂಗಳ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದು, ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂದು ವರದಿಯಾದದ್ದನ್ನು ಓದುಗರು ಮರೆತಿಲ್ಲ. ಹೆದರಿದ ಜನ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಚೋಳೇನಹಳ್ಳಿಯವರಾದ ಡಾ. ಸಿ. ಎನ್. ಮಂಜುನಾಥ್ ಅವರು 2024ರ ಜನವರಿಯವರೆಗೆ ನಿರ್ದೇಶಕರಾಗಿ ಬೆಳೆಸಿದ ಸಂಸ್ಥೆಯದು. ಸರ್ಕಾರವು ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಹಾಸನದಲ್ಲಿ ಅಸಾಮಾನ್ಯ ಏರಿಕೆಯೇನೂ ಆಗಿಲ್ಲವೆಂದು ಆ ಸಮಿತಿಯ ವರದಿ ತಿಳಿಸಿತು.

ಆ ದಿನಗಳಲ್ಲಿ ಅನೇಕರು ಒಂದು ಇ.ಸಿ.ಜಿ. ತೆಗೆಸಿ ನೆಮ್ಮದಿಗೊಂಡರು. ನಮ್ಮ ಅನುಭವವು ಹೇಳುವುದೇ ಬೇರೆ. ಬಂದು ಹೋಗುವ ಓಟವು, ಅದು ಹೋದ ಮೇಲೆ ತೆಗೆದ ಇ.ಸಿ.ಜಿ.ಯಲ್ಲಿ ಕಾಣದಿರಬಹುದು. ಆದುದರಿಂದ ಹಿಂದೆ ಹೃದಯಾಘಾತವಾದವರಿಗೆ ಎದೆ ದಿಢೀರನೆ ಓಡಿ, ಕಣ್ಣು ಕತ್ತಲಾದರೆ, ಪ್ರಜ್ಞೆ ತಪ್ಪಿದರೆ ಗ್ಯಾಸ್ ಎನ್ನದೆ ಆ ಕ್ಷಣವೇ 108ಕ್ಕೆ ಕರೆ ಮಾಡಿ. ಓಟ ನಿಲ್ಲುವ ಮುನ್ನ ಆಸ್ಪತ್ರೆ ಮುಟ್ಟಿದರೆ ಇ.ಸಿ.ಜಿ. ತಾನೇ ಸಾಕ್ಷಿ ನುಡಿಯುತ್ತದೆ. ಓಟ ನಿಂತಿದ್ದರೂ ಹೋಗಿ, ನಡೆದದ್ದನ್ನು ವೈದ್ಯರಿಗೆ ಬಿಚ್ಚಿ ಹೇಳಿ. ಆ ಕಾಗದವನ್ನು ಜೋಪಾನವಾಗಿಡಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ಕಳುಹಿಸುವ ಏರ್ಪಾಡು ತಾಲ್ಲೂಕು ಮಟ್ಟಕ್ಕೂ ಬಂದಿದೆ. ಹೃದಯಾಘಾತವನ್ನು ಬೇಗ ಗುರುತಿಸಿ ಮಾಂಸವನ್ನು ಉಳಿಸಿದರೆ ಕಲೆ ಚಿಕ್ಕದಾಗುತ್ತದೆ. ಕಲೆ ಚಿಕ್ಕದಾದಷ್ಟೂ ಮುಂದೆ ಬೆಂಕಿ ಸುತ್ತುವ ಬಂಡೆಯೂ ಚಿಕ್ಕದಾಗುತ್ತದೆ.

ಮನೆಯವರು ಕೇಳುವ ಪ್ರಶ್ನೆ

ಉಪಕರಣವನ್ನು ಇಡಿಸಿಕೊಳ್ಳಲು ಭಾವನವರು ಹಿಂಜರಿದದ್ದು ಜೀವಭಯದಿಂದಲ್ಲ. "ಎದೆ ಮೇಲೆ ಲಿಂಗ ಕಟ್ಕೊಳ್ಳೋ ಹಾಗಿಲ್ಲ ಅಂದ್ರೆ ಈ ಯಂತ್ರ ನನಗೆ ಬೇಡ" ಎಂದುಬಿಟ್ಟಿದ್ದರು. ನಮ್ಮ ಅನೇಕ ಮನೆಗಳಲ್ಲಿ ಈ ಶಂಕೆ ಏಳುವುದು ಸಹಜ. ವೈದ್ಯರು ಅದನ್ನು ಪರಿಹರಿಸಿದರು. ಬೆಳ್ಳಿಯ ಕರಡಿಗೆಗೂ ಶಿವದಾರಕ್ಕೂ ಅಯಸ್ಕಾಂತ ಗುಣವಿಲ್ಲದಿರುವುದರಿಂದ ಉಪಕರಣಕ್ಕೆ ಬಾಧೆಯಿಲ್ಲ. ಗಾಯ ಮಾಯುವವರೆಗೆ ದಾರವು ಅದರ ಮೇಲೆ ಉಜ್ಜದಂತೆ ನೋಡಿಕೊಂಡರೆ ಸಾಕು. ಮೊದಲ ಕೆಲವು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು. ಅಂಗೈಯಲ್ಲಿ ಲಿಂಗವನ್ನಿರಿಸಿ ಎದೆಯ ಮಟ್ಟದಲ್ಲಿ ಪೂಜಿಸಲು ಅಡ್ಡಿಯಿಲ್ಲ. ದೂರವಿಡಬೇಕಾದದ್ದು ಅಯಸ್ಕಾಂತಗಳನ್ನು. ಮೊಬೈಲನ್ನು ಎಡ ಜೇಬಿನಲ್ಲಿಡದೆ ಉಪಕರಣದಿಂದ ಒಂದು ಗೇಣು ದೂರವಿಡಬೇಕು. ವೆಲ್ಡಿಂಗ್‌ನಂತಹ ಕೆಲಸವನ್ನು ವೈದ್ಯರನ್ನು ಕೇಳದೆ ಮಾಡಬಾರದು. ನಿಗದಿಯಾದ ತಪಾಸಣೆಯನ್ನು ತಪ್ಪಿಸಬಾರದು.

ಅಂತಹ ಒಂದು ತಪಾಸಣೆಗೆ 2024ರ ಕೊನೆಯಲ್ಲಿ ನಾವೂ ಜೊತೆಗೆ ಹೋಗಿದ್ದೆವು. ವೈದ್ಯರು ಉಪಕರಣದ ನೆನಪಿನಲ್ಲಿದ್ದ ದಾಖಲೆಯನ್ನು ಕಾಗದದ ಮೇಲೆ ಇಳಿಸಿ ತೋರಿಸಿದರು. ಕಾರ್ತಿಕ ಮಾಸದ ಒಂದು ರಾತ್ರಿ, ಎರಡು ಗಂಟೆ ನಲವತ್ತು ನಿಮಿಷಕ್ಕೆ, ಗೆರೆಗಳು ಒತ್ತೊತ್ತಾಗಿ ಓಡಿದ್ದವು. ಅನಂತರ ಎಂಟು ಗುರುತುಗಳು. ಅನಂತರ ಒಂದಿಷ್ಟು ಬಿಳಿಯ ಜಾಗ. ಅದರಾಚೆಗೆ ಎಂದಿನ ನಿಧಾನದ ಬಡಿತ. ಆಘಾತ ಬೇಕಾಗಿರಲಿಲ್ಲ. ಭಾವನವರಿಗೆ ಎಚ್ಚರವೂ ಆಗಿರಲಿಲ್ಲ.

ಅಕ್ಕನವರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. "ಆ ರಾತ್ರಿ ನಾನು ಪಕ್ಕದಲ್ಲೇ ಮಲಗಿದ್ದೆ, ನಂಗೇ ಗೊತ್ತಾಗಲಿಲ್ಲ" ಎಂದರು. ನಾವು ಕಷಾಯದ ದಿನವನ್ನು ನೆನೆದು ಸುಮ್ಮನಾದೆವು. ಇಂತಹ ನೆನಪು ಯಾವ ಮನೆಯವರಿಗೂ ಉಳಿಯದಿರಲಿ ಎಂಬುದೇ ನಮ್ಮ ಹಾರೈಕೆ.